ಭಾನುವಾರ ದಾಟದ ಕೌದಿ

ಮಾರ್ಚ್ 3, ಭಾನುವಾರ
ನಾನು ಚಿಕ್ಕಮ್ಮನಿಗೆ

ಸೂಜಿ-ದಾರ ಸಾಮ್ರಾಜ್ಯದ ಏಕೈಕ ಅಧಿಪತಿಗಳೂ, ಹರಿದವರ ಆಶ್ರಯದಾತರೂ ಆದ ಚಿಕ್ಕಮ್ಮನವರ ಪಾದಾರವಿಂದಗಳಿಗೆ,

ತಮ್ಮ ಅಕ್ಕನ ಒಬ್ಬನೇ ಮಗ, ಒಂಬತ್ತು ವರ್ಷ ತಮ್ಮ ಮನೆಯ ಅನ್ನ ತಿಂದು ಈಗ ಪರವೂರಿನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವುದನ್ನು ಕಲಿಯುತ್ತಿರುವ, ಊರೆಲ್ಲ ‘ಕಿತಾಪತಿ’ ಎಂದು ಕರೆದು ಗೌರವಿಸುವ ಈ ಸೇವಕನು ಉದ್ದಂಡ ಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ: ಪಾರ್ಸೆಲ್ ಕ್ಷೇಮವಾಗಿ ತಲುಪಿತು.

ಪ್ಯಾಂಟಿನ ಮೊಣಕಾಲಿಗೆ ತಾವು ಹಾಕಿದ ತೇಪೆಯನ್ನು ಪ್ರೆಸ್ಸಿನ ಯಜಮಾನರು ಕನ್ನಡಕ ಏರಿಸಿ ಪರಿಶೀಲಿಸಿದರು. “ತೇಪೆ ಹೊಸದಾಗಿದೆ, ಪ್ಯಾಂಟು ಹಳೇದಾಗಿದೆ. ನಿಮ್ಮ ಚಿಕ್ಕಮ್ಮನಿಗೆ ಹೇಳು, ಮುಂದಿನ ಸಲ ತೇಪೆ ಮಾತ್ರ ಕಳಿಸಲಿ, ಪ್ಯಾಂಟು ಬೇಡ” ಎಂದರು.

ಹೋದ ತಿಂಗಳು ಕಳಿಸಿದ ಕೌದಿಯ ವಿಷಯ. ಅದಕ್ಕೆ ಬಡ್ತಿ ಸಿಕ್ಕಿದೆ. ಈಗ ಅದು ನಮ್ಮ ರೂಮಿನ ಬಾಗಿಲ ಪರದೆ. ಜೊತೆಗಾರ “ಲೇ, ಇದು ಹೊದೆಯೋದಲ್ವೇನೋ?” ಎಂದ. “ಹೊದ್ದರೆ ಒಬ್ಬನಿಗೆ ಬೆಚ್ಚಗೆ, ಕಟ್ಟಿದರೆ ಇಬ್ಬರಿಗೂ ಮರ್ಯಾದೆ” ಎಂದು ಬಾಯಿ ಮುಚ್ಚಿಸಿದ್ದೇನೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಾರೆ.

ಚಿಕ್ಕಮ್ಮನ ಸಂವಿಧಾನದ ಕಲಂ ಒಂದು, ‘ಮುಗಿದ ಕೆಲಸ ಭಾನುವಾರ ದಾಟಿ ಮನೆಯಲ್ಲಿ ಇರಕೂಡದು’ ಎಂಬುದು ಈಗಲೂ ಜಾರಿಯಲ್ಲಿದೆಯೇ? ಈ ಭಾನುವಾರ ಯಾರ ಅಂಗಿಯನ್ನು ಗಡೀಪಾರು ಮಾಡಿದಿರಿ?

ಈ ಪತ್ರದ ಕಾರ್ಬನ್ ಪ್ರತಿಯನ್ನು ಮುಂದಿನ ಪೀಳಿಗೆಗಾಗಿ ಕಾದಿರಿಸಲಾಗಿದೆ.

ಕಿತಾಪತಿ

ಮಾರ್ಚ್ 10
ಚಿಕ್ಕಮ್ಮ ನನಗೆ

ಕಿತಾಪತಿ,

ನಿನ್ನ ಕಾಗದ ಓದಿ ನಕ್ಕೂ ನಕ್ಕೂ ಸಾಕಾಯ್ತು. ಎದುರುಮನೆ ನರ್ಸ್ ಬಂದು “ಏನಕ್ಕಾ, ಒಬ್ಬರೇ ನಗ್ತಿದೀರಾ?” ಅಂದಳು.

ಈ ವಾರ: ಬೇಕರಿಯವರ ಏಪ್ರನ್ನು, ಎದೆ ಹತ್ತಿರ ಸುಟ್ಟದ್ದು, ಒಳಗಿಂದ ತೇಪೆ. ಡ್ರಾಯಿಂಗ್ ಮೇಷ್ಟ್ರ ಎರಡು ಪ್ಯಾಂಟು, ಸೊಂಟ ಇನ್ನೂ ಒಂದಿಂಚು ಒಳಗೆ. ಆ ಮನುಷ್ಯ ಊಟ ಮಾಡ್ತಾರೋ ಇಲ್ಲವೋ. ನರ್ಸ್ ಮಗುವಿನ ದಿಂಬಿನ ಚೀಲ ಐದು. ಎಲ್ಲ ಇವತ್ತು ಮಧ್ಯಾಹ್ನದೊಳಗೆ ಅವರವರ ಮನೆ ಸೇರಿದವು. ನಮ್ಮಮ್ಮ ಹೇಳುತ್ತಿದ್ದದ್ದು ಇಷ್ಟೇ: ಮುಗಿದದ್ದು ಮನೆಯಲ್ಲೇ ಕೂತರೆ ಕೈ ಅದನ್ನೇ ನೋಡಿಕೊಂಡು ಸೋಮಾರಿಯಾಗುತ್ತೆ. ನೀನು ಅದಕ್ಕೆ ಕಲಂ ಅನ್ನು, ಕಾಲಂ ಅನ್ನು.

ಕೌದಿ ನಿಜವಾಗಲೂ ಬಾಗಿಲಿಗೆ ಕಟ್ಟಿದ್ದೀಯಾ?

ಚಳಿಗೆ ಕಿವಿ ಮುಚ್ಚಿಕೊ.

ಚಿಕ್ಕಮ್ಮ

ಮಾರ್ಚ್ 17
ನಾನು, ನ್ಯಾಯಾಧೀಶರ ಹೆಸರಿನಲ್ಲಿ, ಚಿಕ್ಕಮ್ಮನಿಗೆ
(ಲೆಟರ್‌ಹೆಡ್ ನಾನೇ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಅಕ್ಷರ ಗುರುತು ಸಿಗದಿರಲೆಂದು ಪ್ರೆಸ್ಸಿನ ಟೈಪ್‌ರೈಟರ್. ಉತ್ತರಕ್ಕೆ ಪ್ರೆಸ್ಸಿನ ಅಂಚೆ ಪೆಟ್ಟಿಗೆ. ಎರಡು ವಾರದಲ್ಲಿ ಊರಿಗೆ ಹೋಗಿ, ಕರಿ ಕೋಟು ಹಾಕಿಕೊಂಡು ಬಾಗಿಲು ತಟ್ಟುವುದೆಂಬುದು ಯೋಜನೆ.)

ಮಾನ್ಯರೇ,

ಮೂವತ್ತು ವರ್ಷ ನ್ಯಾಯಪೀಠದ ಮೇಲೆ ಕೂತು ಎರಡೂ ಕಾಲು ತಣ್ಣಗಾಗಿ ನಿವೃತ್ತನಾದ ಈ ಅರ್ಜಿದಾರನಿಗೆ ಈಗ ಎಂಬತ್ತೊಂದು ವರ್ಷ. ಈಚೆಗೆ ಬಸ್ಸಿನಲ್ಲಿ ಎದುರು ಕೂತಿದ್ದ ಬೇಕರಿಯವರೊಬ್ಬರ ಏಪ್ರನ್ನಿನ ಮೇಲೆ ಒಂದು ತೇಪೆಯನ್ನು ಕಂಡೆನು. ಅಂಥ ನಿಷ್ಪಕ್ಷಪಾತವಾದ ತೇಪೆಯನ್ನು ನನ್ನ ವೃತ್ತಿಜೀವನದಲ್ಲಿ ಕಂಡಿರಲಿಲ್ಲ. ವಿಳಾಸ ಕೇಳಿ ಪಡೆದೆನು.

ನನಗೊಂದು ಕೌದಿ ಬೇಕು. ಷರತ್ತು ಒಂದೇ: ಅದು ನೀಲಿಯಾಗಿರಬೇಕು. ಆಕಾಶದ ನೀಲಿಯಲ್ಲ, ಶಾಯಿಯ ನೀಲಿಯಲ್ಲ. ಇಪ್ಪತ್ತು ವರ್ಷ ಒಗೆದು ಒಗೆದು ತನ್ನ ಬಣ್ಣದ ಹೆಸರನ್ನೇ ಮರೆತ ನೀಲಿ. ಹೊಸ ಬಟ್ಟೆ ಈ ಮುದಿ ಮೈಗೆ ಸುಳ್ಳು ಸಾಕ್ಷಿಯಂತೆ ಚುಚ್ಚುತ್ತದೆ.

ಅವಸರವಿಲ್ಲ. ಆದರೆ ಮೇಲಿನ ಕೋರ್ಟಿನಿಂದ ನನಗೆ ಸಮನ್ಸ್ ಯಾವ ದಿನ ಬರುವುದೋ ಹೇಳಲಾಗದು.

ನಿವೃತ್ತ ನ್ಯಾಯಾಧೀಶ

ಮಾರ್ಚ್ 26
ಚಿಕ್ಕಮ್ಮ ನ್ಯಾಯಾಧೀಶರಿಗೆ

ಪೂಜ್ಯರಿಗೆ ನಮಸ್ಕಾರಗಳು.

ನಿಮ್ಮಂಥವರಿಂದ ಕಾಗದ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೂರು ಸಲ ಓದಿ ಆಮೇಲೆ ಕೈ ತೊಳೆದುಕೊಂಡು ಉತ್ತರಕ್ಕೆ ಕೂತಿದ್ದೇನೆ. ತಪ್ಪಿದ್ದರೆ ಮನ್ನಿಸಿ.

ಏಪ್ರನ್ನಿನ ತೇಪೆಯನ್ನು ನೀವು ನೋಡಿದಿರಿ ಎಂಬ ಸಾಲನ್ನು ಬೆರಳಿಟ್ಟು ಓದಿದೆ. ಅದು ಒಳಗಿನಿಂದ ಹಾಕಿದ್ದು, ಹಾಕಿಸಿಕೊಂಡವರಿಗೇ ಕಂಡಿಲ್ಲ. ರಿಪೇರಿ ಕೆಲಸದಲ್ಲಿ ಹೀಗೇ. ಚೆನ್ನಾಗಿದ್ದರೆ ಯಾರಿಗೂ ಕಾಣುವುದಿಲ್ಲ, ಕಂಡರೆ ಕೆಟ್ಟಿದೆ ಎಂದೇ ಅರ್ಥ. ಹಾಗಾಗಿ ಈ ಕೆಲಸಕ್ಕೆ ಹೊಗಳಿಕೆ ಕೇಳಿ ನನಗೆ ಅಭ್ಯಾಸವಿಲ್ಲ.

ಕೌದಿ ಖಂಡಿತ ಹೊಲಿದುಕೊಡುತ್ತೇನೆ. ನಿಮ್ಮ ಎತ್ತರ ತಿಳಿಸಿ. ಕಾಲು ತಣ್ಣಗಾಗುತ್ತದೆ ಎಂದಿರಿ; ಕಾಲಿನ ಕಡೆಗೆ ಒಂದು ಪದರ ಹೆಚ್ಚು ಹಾಕುತ್ತೇನೆ.

ಬಟ್ಟೆಯೇ ಕಷ್ಟ. ಹಳೆಯ ನೀಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಇಪ್ಪತ್ತು ವರ್ಷ ಯಾರಾದರೂ ತೊಟ್ಟು, ಒಗೆದು, ಒಣಗಿಸಿ ಇಟ್ಟಿರಬೇಕು. ಯೋಚನೆ ಮಾಡಿ ತಿಳಿಸುತ್ತೇನೆ.

ಹೊಲಿಗೆಯವಳು

ಮಾರ್ಚ್ 28
ಚಿಕ್ಕಮ್ಮ ನನಗೆ

ಕಿತಾಪತಿ,

ಈ ವಾರ: ನರ್ಸ್‌ನ ಎರಡು ಸಮವಸ್ತ್ರಕ್ಕೆ ಕಾಜಾ. ಮೇಷ್ಟ್ರ ಛತ್ರಿಗೆ ಬಟ್ಟೆ. ಕಿಟಕಿಯ ಗಾಜು ಒರೆಸಿದೆ. ಬೇರೆ ಹೇಳುವಂಥದ್ದು ಏನೂ ಇಲ್ಲ.

ನೀನು ಯಾವಾಗಾದರೂ ಬರುವವನಿದ್ದರೆ ಮೊದಲೇ ತಿಳಿಸು.

ಚಿಕ್ಕಮ್ಮ

ಏಪ್ರಿಲ್ 2
ನಾನು, ನ್ಯಾಯಾಧೀಶರ ಹೆಸರಿನಲ್ಲಿ, ಚಿಕ್ಕಮ್ಮನಿಗೆ
(ಊರಿಗೆ ಹೋಗಿ ಬಯಲು ಮಾಡಬೇಕಾಗಿದ್ದ ವಾರ. ಹೋಗಲಿಲ್ಲ. ನನಗೆ ಎಂದೂ ಅಷ್ಟುದ್ದ ಕಾಗದ ಬಂದಿರಲಿಲ್ಲ. ಇನ್ನೊಂದು ಬರಲಿ ಎನ್ನಿಸಿತು.)

ಮಾನ್ಯರೇ,

ತಮ್ಮ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ಅರ್ಜಿದಾರನ ಎತ್ತರ ಐದು ಅಡಿ ಒಂಬತ್ತು ಇಂಚು. ವಯಸ್ಸಾಗಿ ಬಾಗಿದ್ದನ್ನು ಕಳೆದರೆ ಐದೂವರೆ.

ಬಟ್ಟೆಯ ವಿಷಯದಲ್ಲಿ ತಮ್ಮ ಮೇಲೆ ಪೂರ್ಣ ವಿಶ್ವಾಸವಿದೆ. ಇದರ ಜೊತೆಗೆ ಪೀಠವು ಎರಡು ಪ್ರಶ್ನೆಗಳಿಗೆ ಉತ್ತರ ಬಯಸುತ್ತದೆ. ಒಂದು: ಇಷ್ಟೆಲ್ಲ ಹೊಲಿಯುವ ತಮಗೆ ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ಎರಡು: ಒಂದು ಬಟ್ಟೆ ಇನ್ನು ದುರಸ್ತಿಗೆ ಬಾರದು ಎಂದು ತಮಗೆ ಹೇಗೆ ತಿಳಿಯುತ್ತದೆ? ಮೂವತ್ತು ವರ್ಷ ಮನುಷ್ಯರ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿಕೊಂಡು ಸೋತವನು ನಾನು.

ನಿವೃತ್ತ ನ್ಯಾಯಾಧೀಶ

ಏಪ್ರಿಲ್ 13
ಚಿಕ್ಕಮ್ಮ ನ್ಯಾಯಾಧೀಶರಿಗೆ

ಪೂಜ್ಯರಿಗೆ ನಮಸ್ಕಾರ.

ತಡವಾಯಿತು. ನಿಮ್ಮ ಎರಡನೆಯ ಪ್ರಶ್ನೆಗೆ ಕೌದಿಯ ಜೊತೆಗೆ ಉತ್ತರ ಬರೆಯುತ್ತೇನೆ, ಅದು ಸುಲಭದ್ದಲ್ಲ. ಮೊದಲನೆಯದಕ್ಕೆ ಈಗ.

ಜೊತೆಗೆ ಯಾರೂ ಇಲ್ಲ. ಒಬ್ಬ ಹುಡುಗನಿದ್ದಾನೆ, ನನ್ನ ಅಕ್ಕನ ಮಗ. ಅವನಿಗೆ ಹತ್ತು ವರ್ಷವಾಗಿದ್ದಾಗ ಅಕ್ಕ ತೀರಿಕೊಂಡಳು, ಅಂದಿನಿಂದ ನಾನೇ ಸಾಕಿದೆ. ಈಗ ಪರವೂರಿನಲ್ಲಿ ಕೆಲಸ ಕಲಿಯುತ್ತಿದ್ದಾನೆ. ಬಹಳ ಚುರುಕು, ಬಹಳ ತಮಾಷೆ. ಅವನ ಕಾಗದ ಓದಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಉತ್ತರ ಬರೆಯೋಣವೆಂದು ಮತ್ತೆ ತೆಗೆದರೆ, ಉತ್ತರ ಕೊಡುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. ಆಗ ನಾನು ಏಪ್ರನ್ನು, ದಿಂಬಿನ ಚೀಲ ಎಂದು ಪಟ್ಟಿ ಬರೆದು ಕಳಿಸುತ್ತೇನೆ. ನನ್ನ ಬಲಗೈ ಹೆಬ್ಬೆರಳು ಚಳಿಗಾಲದಿಂದ ಜೋಮು ಹಿಡಿದಿದೆ, ಸೂಜಿ ಹಿಡಿದದ್ದೇ ಗೊತ್ತಾಗುವುದಿಲ್ಲ. ಇದನ್ನು ಅವನಿಗೆ ಬರೆದಿಲ್ಲ. ಬರೆದರೆ ಹೆಬ್ಬೆರಳಿಗೆ ಒಂದು ಶ್ರದ್ಧಾಂಜಲಿ ಬರುತ್ತದೆ. ಅದೂ ನಗು ಬರುವ ಹಾಗೇ ಇರುತ್ತದೆ.

ಇನ್ನು ಬಟ್ಟೆ. ಸಿಕ್ಕಿತು. ಸಿಕ್ಕಿತು ಎಂದರೆ ಸುಳ್ಳು, ಇತ್ತು. ಅಕ್ಕ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದಳು. ಕೆಲಸದ ಮೂರು ನೀಲಿ ಕೋಟು. ಹನ್ನೊಂದು ವರ್ಷ ಅವಳು ಒಗೆದಳು. ಆಮೇಲೆ ಒಂಬತ್ತು ವರ್ಷ ನಾನು. ಯಾರೂ ತೊಡದಿದ್ದರೂ ವರ್ಷಕ್ಕೆರಡು ಸಲ ಒಗೆದು ನೆರಳಲ್ಲಿ ಒಣಗಿಸಿ ಮಡಿಸಿಡುತ್ತಿದ್ದೆ. ಲೆಕ್ಕ ಹಾಕಿ ನೋಡಿದೆ, ಇಪ್ಪತ್ತೇ ಆಯಿತು. ನೀವು ಬರೆದ ನೀಲಿ ಅದೇ. ಬಲತೋಳಿನ ತುದಿಯಲ್ಲಿ ಮುದ್ರೆಯ ಮಸಿ ಇನ್ನೂ ಇತ್ತು.

ಅವನ್ನು ಹುಡುಗನಿಗೆಂದು ಇಟ್ಟಿದ್ದೆ. ಎಂದಾದರೂ “ಅಮ್ಮನದ್ದು ಏನಾದರೂ ಇದೆಯಾ ಚಿಕ್ಕಮ್ಮಾ?” ಎಂದು ಕೇಳುತ್ತಾನೆ, ಆಗ ತೆಗೆದುಕೊಡೋಣ ಎಂದು. ಕೇಳಲಿಲ್ಲ. ಫೆಬ್ರವರಿಯಲ್ಲಿ ಅವನಿಗೆ ಒಂದು ಕೌದಿ ಕಳಿಸಿದ್ದೆ, ಒಂದು ಥರ ಪರೀಕ್ಷೆ ಎನ್ನಿ. ಅದನ್ನು ಬಾಗಿಲಿಗೆ ಕಟ್ಟಿದ್ದಾನಂತೆ. ಎಳೆಯರು, ಅವರಿಗೆ ಹಳೆಯದರ ಹಂಗು ಯಾಕೆ. ಬೇಕು ಎಂದವರಿಗೆ ಕೊಡುವುದೇ ಸರಿ ಎನ್ನಿಸಿತು.

ಸೋಮವಾರ ಕತ್ತರಿಸಿದೆ. ಮೊದಲ ಕತ್ತರಿ ಹಾಕುವಾಗ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಸಮನ್ಸಿನ ಮಾತು ಬರೆದಿದ್ದಿರಿ. ಹಾಗಾಗಿ ಉಳಿದ ಕೆಲಸವೆಲ್ಲ ಬದಿಗಿಟ್ಟಿದ್ದೇನೆ. ನೀವು ಹೊದೆಯುವುದನ್ನು ನೆನೆದೇ ಹೊಲಿಯುತ್ತಿದ್ದೇನೆ.

ಹೊಲಿಗೆಯವಳು

ಏಪ್ರಿಲ್ 16
ನಾನು ಚಿಕ್ಕಮ್ಮನಿಗೆ

ಸೂಜಿ-ದಾರ ಸಾಮ್ರಾಜ್ಯಾಧಿಪತಿಗಳಿಗೆ,

ಪ್ರೆಸ್ಸಿನಲ್ಲಿ ಹೊಸ ಸುದ್ದಿಯೇನೆಂದರೆ ನಾನು ನಿನ್ನೆ ಒಂದು ಮದುವೆ ಕರೆಯೋಲೆಯಲ್ಲಿ ವರನ ಹೆಸರನ್ನೇ ತಲೆಕೆಳಗಾಗಿ ಜೋಡಿಸಿದೆ. ಯಜಮಾನರು “ಮದುವೆಯಾದ ಮೇಲೆ ಹೇಗೂ ಹಾಗಾಗ್ತಾನೆ, ಈಗಲೇ ಯಾಕೋ ಅವಸರ?” ಎಂದರು.

ಹೀಗೇ ಒಂದು ಐತಿಹಾಸಿಕ ಸಂಶೋಧನೆಯ ಸಲುವಾಗಿ ಕೇಳುತ್ತೇನೆ: ತಮ್ಮ ರಾಜಭಂಡಾರದಲ್ಲಿ ಅಮ್ಮನದ್ದು ಎಂದು ಏನಾದರೂ ಹಳೆಯ ಬಟ್ಟೆಬರೆ ಉಳಿದಿದೆಯೇ? ಇದ್ದರೆ ಕತ್ತರಿಯಿಂದ ದೂರ ಇಡತಕ್ಕದ್ದು. ಹೆಬ್ಬೆರಳು ಮುಂತಾದ ಅವಯವಗಳೆಲ್ಲ ಕ್ಷೇಮವೇ?

ಕಿತಾಪತಿ

ಏಪ್ರಿಲ್ 22
ಚಿಕ್ಕಮ್ಮ ನನಗೆ

ಕಿತಾಪತಿ,

ಇಲ್ಲ. ಏನೂ ಉಳಿದಿಲ್ಲ. ಹಳೇ ಬಟ್ಟೆಯಲ್ಲಿ ನಿನಗೇನು ಕೆಲಸ? ಇನ್ನೊಂದು ಪರದೆ ಬೇಕಾ?

ಈ ವಾರ ಹೇಳುವಂಥ ಕೆಲಸ ಆಗಿಲ್ಲ. ಬೆರಳೆಲ್ಲ ಚೆನ್ನಾಗಿವೆ.

ಚಿಕ್ಕಮ್ಮ

ಏಪ್ರಿಲ್ 25
ನಾನು, ನ್ಯಾಯಾಧೀಶರ ಗುಮಾಸ್ತನ ಹೆಸರಿನಲ್ಲಿ, ಚಿಕ್ಕಮ್ಮನಿಗೆ

ಮಾನ್ಯರೇ,

ನಮ್ಮ ಯಜಮಾನರಾದ ನಿವೃತ್ತ ನ್ಯಾಯಾಧೀಶರು ಈ ತಿಂಗಳ ಇಪ್ಪತ್ತನಾಲ್ಕರಂದು ಮೇಲಿನ ಕೋರ್ಟಿಗೆ ಖುದ್ದು ಹಾಜರಾದರೆಂದು ತಿಳಿಸಲು ವಿಷಾದಿಸುತ್ತೇನೆ. ಅವರಿಗೆ ಹೆಂಡತಿ ಮಕ್ಕಳಾಗಲಿ ವಾರಸುದಾರರಾಗಲಿ ಇರುವುದಿಲ್ಲ. ಆದಕಾರಣ ತಾವು ಕೈಗೊಂಡಿರುವ ಕೌದಿಯ ಕೆಲಸವನ್ನು ಎಲ್ಲಿದೆಯೋ ಅಲ್ಲಿಗೇ ನಿಲ್ಲಿಸಿ, ಬಟ್ಟೆಯನ್ನು ತಮ್ಮ ಬಳಿಯೇ ಇರಿಸಿಕೊಳ್ಳಬೇಕಾಗಿ ಕೋರಿಕೆ.

ಗುಮಾಸ್ತ

ಏಪ್ರಿಲ್ 29, ಸೋಮವಾರ
ಚಿಕ್ಕಮ್ಮ ಗುಮಾಸ್ತನಿಗೆ

ಗುಮಾಸ್ತರಿಗೆ ನಮಸ್ಕಾರ.

ನಿಮ್ಮ ಕಾಗದ ಶನಿವಾರ ಬಂತು. ಕೌದಿ ಶುಕ್ರವಾರ ಸಂಜೆಯೇ ಮುಗಿದಿತ್ತು. ಕಟ್ಟಿ, ದಾರ ಬಿಗಿದು, ವಿಳಾಸವನ್ನೂ ಬರೆದಿಟ್ಟಿದ್ದೆ. ಒಂದು ದಿನದಲ್ಲಿ ತಪ್ಪಿತು ಎಂದುಕೊಂಡು ಲೆಕ್ಕ ಹಾಕಿದರೆ ಒಂದು ದಿನವೂ ಅಲ್ಲ. ನಾನು ಕಾಲಿನ ಕಡೆಯ ಹೆಚ್ಚಿನ ಪದರ ಕೂಡಿಸುವ ಹೊತ್ತಿಗೆ ಅವರ ಕಾಲಿಗೆ ಅದು ಬೇಕಾಗಿರಲಿಲ್ಲ.

ಅವರನ್ನು ನಾನು ನೋಡಿದವಳಲ್ಲ. ಬಂದದ್ದು ಎರಡೇ ಕಾಗದ. ಆದರೂ ಹೇಳುತ್ತೇನೆ, ಇಷ್ಟು ವರ್ಷ ಹೊಲಿದಿದ್ದೇನೆ, ಹೇಗೆ ಹೊಲಿಯುತ್ತೀಯಾ ಎಂದು ನನ್ನನ್ನು ಕೇಳಿದವರು ಅವರೊಬ್ಬರೇ. ಎಷ್ಟು ಹೊತ್ತಿಗೆ ಸಿಗುತ್ತೆ ಎಂದು ಎಲ್ಲರೂ ಕೇಳುತ್ತಾರೆ.

ಮುಗಿದದ್ದನ್ನು ಭಾನುವಾರ ದಾಟಿ ಇಟ್ಟುಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ವಾರಸುದಾರರಿಲ್ಲ ಎಂದು ಬರೆದಿರಿ. ಒಂದು ಗಳಿಗೆ ನಮ್ಮ ಹುಡುಗನಿಗೇ ಕಳಿಸಲೇ ಎನ್ನಿಸಿತು. ಬಟ್ಟೆ ಕತ್ತರಿಸಿ ಹತ್ತು ದಿನಕ್ಕೆ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಅಮ್ಮನದ್ದು ಏನಾದರೂ ಇದೆಯಾ ಎಂದು ಅವನು ಬರೆದಿದ್ದ. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಇಲ್ಲ ಎಂದು ಬರೆದೆ. ಮಾತು ಕೊಟ್ಟಾಗಿತ್ತಲ್ಲ. ಆಮೇಲೆ ಯೋಚಿಸಿದೆ, ಅವನ ಬಾಗಿಲಿಗೆ ಈಗಾಗಲೇ ಒಂದು ಪರದೆ ಇದೆ.

ನಿನ್ನೆ ಎದುರುಮನೆ ನರ್ಸ್ ಕೆಲಸಕ್ಕೆ ಹೊರಟಿದ್ದಳು. ಕೈಗೆ ಕೊಟ್ಟೆ. “ಯಾರಿಗೆ ಹೊದಿಸಲಿ ಅಕ್ಕಾ?” ಅಂದಳು. “ಚಳಿ ಆಗ್ತಿದೆ ಅಂದವರಿಗೆ. ಹೆಸರು ನನಗೆ ಹೇಳಬೇಡ” ಅಂದೆ.

ಈ ವಾರ ಹೊಸ ಕೆಲಸ ಯಾವುದೂ ಹಿಡಿದಿಲ್ಲ. ಸ್ವಲ್ಪ ದಿನ ಹಿಡಿಯುವುದೂ ಇಲ್ಲ.

ಹೊಲಿಗೆಯವಳು

ಮೇ 3
ನಾನು ಚಿಕ್ಕಮ್ಮನಿಗೆ

ಚಿಕ್ಕಮ್ಮಾ,

ಇದು ಆರನೇ ಹಾಳೆ. ಮೊದಲ ಐದರಲ್ಲೂ ಮೇಲೆ ಏನೋ ಬಿರುದು ಬರೆದೆ. ಕೈ ತಾನಾಗಿ ಬರೆಯುತ್ತೆ. ಹರಿದುಹಾಕಿದೆ.

ನ್ಯಾಯಾಧೀಶರು ಇಲ್ಲ. ಸತ್ತಿಲ್ಲ, ಇರಲೇ ಇಲ್ಲ. ಲೆಟರ್‌ಹೆಡ್ ಅಚ್ಚು ಹಾಕಿದ್ದು ನಾನು, ಟೈಪ್ ಮಾಡಿದ್ದು ನಾನು, ಗುಮಾಸ್ತನೂ ನಾನು. ನೀನು ಕೈ ತೊಳೆದುಕೊಂಡು ಉತ್ತರ ಬರೆದದ್ದು ನನಗೆ.

ನಗಿಸೋಣ ಅಂತ ಶುರು ಮಾಡಿದೆ, ಇದು ನಿಜ. ಇಪ್ಪತ್ತು ವರ್ಷ ಒಗೆದ ನೀಲಿ ಅಂತ ಬರೆದದ್ದು ಎಲ್ಲೂ ಸಿಗದ್ದನ್ನು ಕೇಳಬೇಕು ಅಂತ. ಅಮ್ಮನ ಕೋಟುಗಳು ಮನೆಯಲ್ಲಿವೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮ ತೀರಿಕೊಂಡ ವಾರವೇ ನೀನು ಯಾರಿಗೋ ಕೊಟ್ಟುಬಿಟ್ಟೆ ಅಂದುಕೊಂಡಿದ್ದೆ. ಕೇಳಿದರೆ ನೀನು ಅಳುತ್ತೀಯಾ ಅಂತ ಕೇಳುತ್ತಿರಲಿಲ್ಲ. ಹತ್ತು ವರ್ಷದವನಾಗಿದ್ದಾಗ ನೀನು ಅಳೋದು ಕಂಡರೆ ನನಗೆ ಭಯ. ಕೋತಿ ಚೇಷ್ಟೆ ಮಾಡಿದರೆ ನಿಲ್ಲಿಸ್ತಿದ್ದೆ. ಅದೇ ಅಭ್ಯಾಸವಾಯ್ತು.

ಕತ್ತರಿಸಿದೆ ಅಂತ ನೀನು ಬರೆದ ಕಾಗದ ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಆವತ್ತೇ ಹೊರಡಬಹುದಿತ್ತು. ಬಸ್ಸಿಗೆ ಆರು ಗಂಟೆ. ನಿನ್ನ ಮುಂದೆ ಬಂದು ನಿಲ್ಲೋದಕ್ಕಿಂತ ಒಬ್ಬನನ್ನು ಸಾಯಿಸೋದು ಸುಲಭ ಅನ್ನಿಸಿತು. ಕೌದಿ ಅರ್ಧಕ್ಕೇ ನಿಲ್ಲುತ್ತೆ, ಬಟ್ಟೆ ನಿನ್ನ ಹತ್ತಿರವೇ ಉಳಿಯುತ್ತೆ ಅಂತ ಲೆಕ್ಕ ಹಾಕಿದೆ. ಕಲಂ ಒಂದು ಅಂತ ಹೆಸರಿಟ್ಟು ಆಡಿಕೊಂಡವನು ನಾನೇ, ಭಾನುವಾರವನ್ನು ಮರೆತವನೂ ನಾನೇ. ಸಮನ್ಸ್ ಅಂತ ಬರೆಯದಿದ್ದರೆ ನೀನು ಅಷ್ಟು ಅವಸರ ಮಾಡುತ್ತಿರಲಿಲ್ಲ. ವಾರಸುದಾರರಿಲ್ಲ ಅಂತ ಬರೆದದ್ದೂ ವಾಕ್ಯ ಚೆನ್ನಾಗಿ ಕೂರಲಿ ಅಂತ.

ಕೌದಿಯನ್ನು ಬಾಗಿಲಿಗೆ ಕಟ್ಟಿದ್ದು ಒಂದೇ ದಿನ. ನಿನಗೆ ಬರೆಯೋಕೆ ಏನಾದರೂ ಬೇಕಿತ್ತು. ಆವತ್ತಿಂದ ಹೊದ್ದೇ ಮಲಗ್ತಿದೀನಿ. ನೀನು ಕೇಳಿದೆ, ನಿಜವಾಗಲೂ ಕಟ್ಟಿದ್ದೀಯಾ ಅಂತ. ನಾನು ಉತ್ತರ ಕೊಡಲಿಲ್ಲ.

ಆ ಕೌದಿ ಯಾರ ಹತ್ತಿರ ಇದೆ ಅಂತ ನರ್ಸ್‌ನ ಕೇಳಬಹುದಾ?

ಹೆಬ್ಬೆರಳನ್ನು ಡಾಕ್ಟರಿಗೆ ತೋರಿಸು.

ನಾನು

ಮೇ 19
ನಾನು ಚಿಕ್ಕಮ್ಮನಿಗೆ

ಚಿಕ್ಕಮ್ಮಾ,

ಉತ್ತರ ಬರಲಿಲ್ಲ. ಬೈದಾದರೂ ಬರೆ. ಈ ವಾರ ಏನು ಹೊಲಿದೆ ಅಂತ ಒಂದು ಸಾಲು ಸಾಕು.

ಹೋದ ಭಾನುವಾರ ಬಂದಿದ್ದೆ. ಬೀದಿಯ ತಿರುವಿನವರೆಗೆ ಬಂದೆ. ನಿನ್ನ ಕಿಟಕಿ ಕಾಣುತ್ತಿತ್ತು, ಮಿಷನ್ನಿಗೆ ಬಟ್ಟೆ ಮುಚ್ಚಿತ್ತು. ಬೇಕರಿಯವರು ನೋಡಿ “ಏನೋ ಕಿತಾಪತಿ, ಯಾವಾಗ ಬಂದೆ? ಚಿಕ್ಕಮ್ಮನಿಗೆ ಮೈ ಸರಿ ಇಲ್ವೇನೋ? ನನ್ನ ಏಪ್ರನ್ನು ಮುಟ್ಟೋದಿಲ್ಲ ಅಂದುಬಿಟ್ರು” ಎಂದರು. ಮುಂದಿನ ಬಸ್ಸಿಗೆ ವಾಪಸ್ ಬಂದೆ.

ನಾನು

ಜೂನ್ 15
ಚಿಕ್ಕಮ್ಮ ನ್ಯಾಯಾಧೀಶರಿಗೆ

ಪೂಜ್ಯರಿಗೆ ನಮಸ್ಕಾರ.

ಸತ್ತವರಿಗೆ ಕಾಗದ ಬರೆದರೆ ಹುಚ್ಚು ಎನ್ನುತ್ತಾರೆ. ಹುಟ್ಟದೆಯೇ ಸತ್ತವರಿಗೆ ಬರೆದರೆ ಏನನ್ನುತ್ತಾರೋ ಗೊತ್ತಿಲ್ಲ. ಆದರೂ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಬಾಕಿಯಿತ್ತು. ಬಾಕಿ ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ.

ಬಟ್ಟೆ ದುರಸ್ತಿಗೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಹರಿದ ಜಾಗವನ್ನು ನೋಡುವುದಿಲ್ಲ. ಅದರ ಸುತ್ತ ನೋಡುತ್ತೇವೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು, ಬೆಳಕಿಗೆ ಹಿಡಿಯುವುದು. ಸುತ್ತಲಿನ ನೂಲು ಗಟ್ಟಿಯಿದ್ದರೆ ಎಷ್ಟು ದೊಡ್ಡ ಹರಕಾದರೂ ಹೊಲಿಯಬಹುದು. ಅದೇ ಸವೆದಿದ್ದರೆ ಸಣ್ಣ ಹರಕೂ ನಿಲ್ಲುವುದಿಲ್ಲ, ಹೊಲಿದ ಪಕ್ಕದಲ್ಲೇ ಹರಿಯುತ್ತದೆ. ಎಳೆದು ನೋಡಲು ಧೈರ್ಯ ಬೇಕು, ಅಷ್ಟೆ. ನನಗೆ ಈಗ ಆ ಧೈರ್ಯ ಸಾಲದು. ಅದಕ್ಕೇ ಆ ಹುಡುಗನಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಅವನು ಮಾಡಿದ್ದಕ್ಕೆ ಕೋಪ ಬಂತು. ಅದು ಎರಡು ವಾರದಲ್ಲಿ ಇಳಿಯಿತು. ಇಳಿಯದೆ ಉಳಿದದ್ದು ಬೇರೆ. ನಿಮ್ಮ ಹಾಗೆ ಕೇಳಲು ಅವನಿಗೆ ಬರುತ್ತಿತ್ತು. ಪ್ರಶ್ನೆಯೆಲ್ಲ ಅವನೊಳಗೇ ಇದ್ದವು. ನನ್ನನ್ನು ಕೇಳಲು ಅವನಿಗೆ ಇನ್ನೊಬ್ಬನ ಹೆಸರು ಬೇಕಾಯಿತು. ನಾನಾದರೂ ಏನು, ಅವನಿಗೆ ಹೇಳಬೇಕಾದದ್ದನ್ನೆಲ್ಲ ದಾರಿಹೋಕ ನ್ಯಾಯಾಧೀಶರಿಗೆ ಹೇಳಿದೆ. ಅವನು ಕೇಳಿದ ದಿನ ಇಲ್ಲ ಎಂದೆ. ಒಂದೇ ಮನೆಯಲ್ಲಿ ಒಂಬತ್ತು ವರ್ಷ ಇದ್ದವರು ನಾವು.

ಕೌದಿಯ ವಿಷಯ. ನರ್ಸ್ ತಾನಾಗಿಯೇ ಹೇಳಿದಳು, ನಾನು ಕೇಳಿರಲಿಲ್ಲ. ಹೊದಿಸಿದ್ದು ಒಬ್ಬ ವಯಸ್ಸಾದ ಹೆಂಗಸಿಗಂತೆ. ಆಸ್ಪತ್ರೆಯಿಂದ ಮನೆಗೆ ಹೋಗುವಾಗ “ಇದನ್ನ ಬಿಟ್ಟು ಹೋಗಬೇಕಾ?” ಎಂದಳಂತೆ. “ನಿಮ್ಮದೇ, ತಗೊಂಡು ಹೋಗಿ” ಎಂದಿದ್ದಾಳೆ. ಯಾವ ಊರೋ. ಅವಳು ಹೊದ್ದಿರಲಿ. ಹುಡುಕಬಾರದು ಎಂದು ಆ ಹುಡುಗನಿಗೆ ತಿಳಿಸಿ.

ಕೌದಿಗೆ ಜೇಬಿನ ಚೀಲವನ್ನು ಹಾಗೇ ಬಳಸುವುದಿಲ್ಲ, ದಪ್ಪವಾಗುತ್ತದೆ. ಮೂರು ಕೋಟಿನಿಂದ ಆರು ಬಿಚ್ಚಿದ್ದೆ. ಐದು, ಬಿಡಿಸಿ ಹರಡಿದ ಮೇಲೆ, ಕೌದಿಯ ಪದರಕ್ಕೆ ಹೋದವು. ಒಂದು ಮಾತ್ರ ಮೂಲೆ ಹರಿದಿತ್ತು ಎಂದು ಉಳಿಯಿತು; ಅಕ್ಕ ಜೇಬಿಗೆ ಕೈ ತುರುಕುತ್ತಿದ್ದದ್ದೇ ಹಾಗೆ, ಸುತ್ತಿಗೆ ಹೊಡೆದ ಹಾಗೆ. ಮೊನ್ನೆ ಮಿಷನ್ನಿನ ಮೇಲಿನ ಬಟ್ಟೆ ತೆಗೆದಾಗ ಕೆಳಗೆ ಸಿಕ್ಕಿತು. ನಾನೇ ಹೊಲಿಯೋಣ ಎಂದು ಕೂತೆ, ಹೆಬ್ಬೆರಳು ಕೇಳಲಿಲ್ಲ. ಡಾಕ್ಟರಿಗೆ ತೋರಿಸಿದ್ದೇನೆ.

ಜೇಬನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಗುಮಾಸ್ತನಿಗೆ ಕೊಡಿ. ಒಂದು ಸೂಜಿಯನ್ನೂ ಚುಚ್ಚಿದ್ದೇನೆ.

ಹೊಲಿಗೆಯವಳು

ಜೂನ್ 22, ಶನಿವಾರ
ನಾನು ಚಿಕ್ಕಮ್ಮನಿಗೆ

ಚಿಕ್ಕಮ್ಮಾ,

ಈ ವಾರ: ಒಂದು ಜೇಬಿನ ಮೂಲೆ.

ಸೋಮವಾರ ಸೂಜಿಗೆ ದಾರ ಪೋಣಿಸೋಕೇ ಅರ್ಧ ಗಂಟೆ ಹಿಡಿಯಿತು. ಮಂಗಳವಾರ ಹೊಲಿದೆ, ಜೇಬಿನ ಬಾಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ, ಬಿಚ್ಚಿದೆ. ಜೊತೆಗಾರ “ಬಿಡೋ, ದರ್ಜಿ ಹತ್ರ ಕೊಟ್ಟರೆ ಎರಡು ನಿಮಿಷ” ಎಂದ. ಬುಧವಾರ ಹೊಲಿಗೆ ಓರೆ ಹೋಯಿತು. ನೀನು ಹೇಳಿದ ಹಾಗೆ ಸುತ್ತ ಹಿಡಿದು ಬೆಳಕಿಗೆ ನೋಡಿದೆ. ಬಟ್ಟೆ ತೆಳ್ಳಗಾಗಿದೆ, ಆದರೆ ನೂಲು ಬಿಟ್ಟಿಲ್ಲ. ಮತ್ತೆ ಬಿಚ್ಚಿ ಗುರುವಾರ ಸಣ್ಣ ಸಣ್ಣದಾಗಿ ಹಾಕಿದೆ. ಒಳಗೆ ಕೈ ಇಟ್ಟು ನೋಡಿದೆ. ನನ್ನ ಕೈ ಹಿಡಿಯುತ್ತೆ. ಅಮ್ಮನ ಕೈ ಇಷ್ಟೇ ದೊಡ್ಡದಿತ್ತಾ? ನನಗೆ ನೆನಪಿಲ್ಲ. ನೀನು ಹೇಳಬೇಕು. ಇದು ತಮಾಷೆಗೆ ಕೇಳಿದ್ದಲ್ಲ.

ಇನ್ನು ಒಂದೇ ಹೊಲಿಗೆ, ಆಮೇಲೆ ಗಂಟು. ನಾಳೆ ಭಾನುವಾರ. ಗಂಟು ಹಾಕಿದರೆ ಕೆಲಸ ಮುಗಿದ ಹಾಗೆ, ಮುಗಿದರೆ ಇದು ಮನೆಯಿಂದ ಆಚೆ ಹೋಗಬೇಕು.

ಹಾಕಿಲ್ಲ. ಸೂಜಿ ಅದರಲ್ಲೇ ಇದೆ.

ನಾನು